ಪರೀಕ್ಷೆ ಭಾಲ್ಕಿಯಲ್ಲೇ

ಭಾಲ್ಕಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಒಂದು ವರ್ಷ ನಮ್ಮಲ್ಲಿ ನಡೆದ ಆನ್‌ಲೈನ್ ಪ್ರವೇಶ ಪರೀಕ್ಷೆ ಎರಡು ಸಲ ಅರ್ಧಕ್ಕೇ ನಿಂತುಹೋಯಿತು. ಆಮೇಲೆ ಪರೀಕ್ಷೆ ನಡೆಸುವವರಿಂದ ಪತ್ರ ಬಂತು: ತಪಾಸಣೆಗೆ ಬರುತ್ತೇವೆ, ಸರಿಯಿಲ್ಲದಿದ್ದರೆ ಕೇಂದ್ರವನ್ನು ಕಲಬುರಗಿಗೆ ಒಯ್ಯುತ್ತೇವೆ. ಔರಾದ, ಕಮಲನಗರದ ಕಡೆಯ ಹುಡುಗಿಯರಿಗೆ ಕಲಬುರಗಿ ಎಂದರೆ ಪರೀಕ್ಷೆಯೇ ಇಲ್ಲ ಎಂದರ್ಥ. ಅಷ್ಟು ದೂರ ಕಳಿಸುವ ಅಪ್ಪಂದಿರು ಕಡಿಮೆ. ನನ್ನಪ್ಪನೂ ಕಳಿಸಿರಲಿಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಕಾಲೇಜಿಗೆ ಎರಡು ಇಂಟರ್ನೆಟ್ ಲೈನುಗಳಿದ್ದವು. ಒಂದು ವೇಗದ್ದು, ಆದರೆ ಯಾವಾಗ ಕೈಕೊಡುತ್ತದೋ ಹೇಳಲಾಗದು. ಇನ್ನೊಂದು ನಿಧಾನ, ಆದರೆ ನಂಬಿಗಸ್ತ. ಯಾರು ಯಾವ ಲೈನಿನಲ್ಲಿ ಹೋಗಬೇಕೆಂದು ತೀರ್ಮಾನಿಸುವ ರೂಟರ್ ಎಲ್ಲರನ್ನೂ ವೇಗದ ಲೈನಿಗೇ ತಳ್ಳುತ್ತಿತ್ತು. ಪರೀಕ್ಷೆ ಬರೆಯುವವರನ್ನೂ, ಸ್ಟಾಫ್ ರೂಮಿನಲ್ಲಿ ಕ್ರಿಕೆಟ್ ನೋಡುವ ಮಹನೀಯರನ್ನೂ. ಅದು ಕೇಳುವುದು ‘ಎಲ್ಲಿಗೆ ಹೋಗಬೇಕು’ ಎಂದಷ್ಟೇ. ‘ಎಲ್ಲಿಂದ ಬಂದೆ’ ಎಂದೂ ಕೇಳುವಂತೆ ನಿಯಮ ಬರೆಯಬಹುದು. ಅದನ್ನೇ ಪಾಲಿಸಿ ರೂಟಿಂಗ್ ಎನ್ನುತ್ತಾರೆ. ಲ್ಯಾಬಿನಿಂದ ಬಂದದ್ದು ನಂಬಿಗಸ್ತ ಲೈನಿಗೆ, ಉಳಿದದ್ದು ಇನ್ನೊಂದಕ್ಕೆ.

“ಮೇಡಂ, ಅದಕ್ಕ ಕೈ ಹಚ್ಚಬ್ಯಾಡ್ರಿ. ಹೈದರಾಬಾದಿಂದ ಇಂಜಿನಿಯರಿಗಿ ಕರಸ್ತೇವಿ,” ಎಂದರು ಆಫೀಸ್ ಸೂಪರಿಂಟೆಂಡೆಂಟ್.

“ಅವ್ರು ಬರೋದ್ರಾಗ ತಪಾಸಣಿ ಮುಗದಿರ್ತದ್ರಿ,” ಎಂದೆ. ಪ್ರಿನ್ಸಿಪಾಲರು ನಕ್ಕು ರೂಟರ್ ಕೋಣೆಯ ಕೀಲಿ ನನ್ನ ಕೈಗಿತ್ತರು.

ನಿಯಮ ಬರೆದೆ. ಏನೂ ಆಗಲಿಲ್ಲ. ಎರಡು ದಿನ ರೂಟರನ್ನು ಬೈದೆ, ಕೇಬಲನ್ನು ಬೈದೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ! ಕೊನೆಗೆ ನಿಯಮ ಎಷ್ಟು ಸಲ ಕೆಲಸಕ್ಕೆ ಬಂತು ಎಂಬ ಲೆಕ್ಕ ತೆಗೆದು ನೋಡಿದರೆ ಸೊನ್ನೆ. ಅದು ಯಾರನ್ನೂ ಕೇಳಿಯೇ ಇರಲಿಲ್ಲ. ರೂಟರಿನಿಂದ ಹೊರಹೋಗುವ ಬಾಗಿಲಿಗೆ ಅದನ್ನು ಕಟ್ಟಿದ್ದೆ. ಅಲ್ಲಿಗೆ ಬರುವಷ್ಟರಲ್ಲಿ ದಾರಿ ತೀರ್ಮಾನವಾಗಿರುತ್ತದೆ. ಬಸ್ಸು ಬೀದರ ಮುಟ್ಟಿದ ಮೇಲೆ ಕಂಡಕ್ಟರ್ “ಎಲ್ಲಿಗ್ರಿ?” ಎಂದು ಕೇಳಿದ ಹಾಗೆ. ನಿಯಮವನ್ನು ಅಲ್ಲಿಂದ ಬಿಚ್ಚಿ, ಲ್ಯಾಬಿನವರು ಒಳಬರುವ ಬಾಗಿಲಿಗೆ ಹಾಕಿದೆ. ಸೊನ್ನೆ ಇದ್ದದ್ದು ನೂರಾಯಿತು, ಸಾವಿರವಾಯಿತು. ನಾನೊಬ್ಬಳೇ ನಿಂತು ಚಪ್ಪಾಳೆ ಹೊಡೆದೆ.

ತಪಾಸಣೆಗೆ ಬಂದವರು ಪಾಕಡಾ ಮನುಷ್ಯ. ಲ್ಯಾಬಿನ ಎಲ್ಲ ಕಂಪ್ಯೂಟರಿನಲ್ಲೂ ಮಾದರಿ ಪರೀಕ್ಷೆ ನಡೆಯುವಾಗಲೇ ಹೋಗಿ ನಂಬಿಗಸ್ತ ಲೈನಿನ ವೈರನ್ನೇ ಕಿತ್ತರು. ಸೂಪರಿಂಟೆಂಡೆಂಟ್ ಹಣೆಗೆ ಕೈ ಹಚ್ಚಿಕೊಂಡರು. ಆದರೆ ಆ ಲೈನು ಸತ್ತರೆ ಇನ್ನೊಂದರಲ್ಲಿ ಹೋಗು ಎಂದು ನಿಯಮದಲ್ಲಿ ಮತ್ತೊಂದು ಸಾಲನ್ನೂ ನಾನು ಬರೆದಿಟ್ಟಿದ್ದೆ. ಪರದೆಗಳು ಒಂದೆರಡು ಕ್ಷಣ ತಡೆದವು, ಮತ್ತೆ ಮುಂದಿನ ಪ್ರಶ್ನೆಗೆ ಹೋದವು.

“ಬೇಕಂದ್ರ ಇನ್ನೊಮ್ಮಿ ಕೀಳ್ರಿ ಸರ್,” ಎಂದೆ. ಅಷ್ಟು ಸೊಕ್ಕು ನನಗೆ ಅಂದು ಸಲ್ಲುತ್ತಿತ್ತು. ಅವರು ವೈರನ್ನು ವಾಪಸು ಹಾಕಿ, ಕೇಂದ್ರ ಇಲ್ಲೇ ಇರಲಿ ಎಂದು ಬರೆದುಕೊಟ್ಟರು.

ಪರೀಕ್ಷೆಯ ದಿನ ಮಗಳ ಜೊತೆ ಔರಾದ ಕಡೆಯ ಬಸ್ಸಿಳಿದು ಬಂದ ಅಪ್ಪನೊಬ್ಬ ಗೇಟಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ.

“ಎಷ್ಟೊತ್ತಿಗಿ ಬಿಡ್ತಾರ್ರಿ, ಮೇಡಂ?”

“ಒಂದಕ್ಕ ಬಿಡ್ತಾರ್ರಿ.”

“ಚೊಲೊ ಆಯ್ತ್ರಿ. ಕಲಬುರಗಿ ಬಿದ್ದಿದ್ರ ನಾ ಅಕಿಗಿ ಕಳಸ್ತಿದ್ದಿಲ್ರಿ.”

ಅವನಿಗೆ ಏನೋ ಹೇಳಬೇಕೆಂದು ತಿರುಗಿದೆ. ಅಷ್ಟರಲ್ಲಿ ಮಗಳು ಅವನ ಕೈಯಿಂದ ಹಾಲ್ ಟಿಕೆಟ್ ಕಸಿದುಕೊಂಡು, ಹಿಂದೆ ತಿರುಗಿಯೂ ನೋಡದೆ ಒಳಗೆ ಹೋಗಿಬಿಟ್ಟಳು.