ನರ್ಸಮ್ಮನ ನಡಿಗೆಯ ನಕ್ಷೆ

ಮೊನ್ನೆ ಸೊಸೆ ಗಂಜಿ ಹಾಕಿದ ಸೀರೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಓದುತ್ತಿದ್ದ ಪೇಪರು ಕೈಯಲ್ಲೇ ಉಳಿಯಿತು. ಟ್ರೇಸಿಂಗ್ ಬಟ್ಟೆಯ ವಾಸನೆ ಅದು. ಈಗಿನವರು ಆ ಬಟ್ಟೆಯನ್ನು ನೋಡಿರಲಿಕ್ಕಿಲ್ಲ. ತೆಳ್ಳನೆಯ ಹತ್ತಿ ಬಟ್ಟೆಗೆ ಗಟ್ಟಿಯಾಗಿ ಗಂಜಿ ಹಾಕಿ ಹೊಳಪು ಕೊಟ್ಟಿರುತ್ತಿದ್ದರು. ನಾವು ಅದರ ಮೇಲೆ ಇಂಕಿನಲ್ಲಿ ನಕ್ಷೆ ಬರೆಯುತ್ತಿದ್ದೆವು. ಹನಿ ನೀರು ಬಿದ್ದರೆ ಅಷ್ಟೂ ಕೆಲಸ ಹಾಳು. ಆ ವಾಸನೆಯ ಹಿಂದೆಯೇ ನರ್ಸಮ್ಮ ನೆನಪಾದರು...

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಗೋಣಿಕೊಪ್ಪಲಿನ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಇನ್ನೂ ಮದುವೆಯಾಗಿರಲಿಲ್ಲ. ಹೆರಿಗೆ ಮಾಡಿಸುವ ಸರ್ಕಾರಿ ಕೆಲಸದ ಮೇಲೆ ನರ್ಸಮ್ಮ ಶಿರಂಗಾಲದ ಕಡೆಯಿಂದ ಬಂದು ಶಾಲೆಯ ಪಕ್ಕದಲ್ಲೇ ಬಾಡಿಗೆಗಿದ್ದರು. ಊರಿಗೆ ಊರೇ ಅವರನ್ನು ಸಿಸ್ಟರ್ ಎನ್ನುತ್ತಿತ್ತು. ನನಗೊಬ್ಬನಿಗೆ ಮಾತ್ರ ಆ ಶಬ್ದ ಬಾಯಿಗೆ ಬರುತ್ತಿರಲಿಲ್ಲ, ಕಾರಣ ಹೇಳಬೇಕಾಗಿಲ್ಲ.

ಅವರ ಕಡೆಯ ಊರುಗಳಲ್ಲಿ ಮನೆಗೆ ಮನೆ ತಾಗಿಕೊಂಡ ಬೀದಿಗಳಿದ್ದವು. ಇಲ್ಲಿ ಒಂದೊಂದು ಮನೆ ಒಂದೊಂದು ತೋಟದೊಳಗೆ. ಪಕ್ಕದ ಮನೆಗೆ ಹೋಗಬೇಕೆಂದರೆ ಗದ್ದೆ ದಾಟಿ ಗುಡ್ಡ ಹತ್ತಬೇಕು. ದಾರಿ ಕೇಳಿದರೆ ಒಬ್ಬರು ಕೊಡವ ಭಾಷೆಯಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ, ಎಸ್ಟೇಟಿನ ಸಾಲುಮನೆಗಳಾದ ಲೈನಿನ ಕೂಲಿಯವರು ತಮಿಳಿನಲ್ಲಿ ಹೇಳುವರು. ಕೈ ತೋರಿಸುವುದು ಮಾತ್ರ ಎಲ್ಲರೂ ಕಾಫಿ ಗಿಡಗಳ ಕಡೆಗೇ! ಬಂದ ವರ್ಷದ ಮಳೆಗಾಲದಲ್ಲಿ ಪಾಲಿಬೆಟ್ಟದ ಕಡೆಯ ಒಂದು ಲೈನಿಗೆ ಹೆರಿಗೆಗೆಂದು ಹೊರಟ ನರ್ಸಮ್ಮ ದಾರಿ ತಪ್ಪಿದರು. ಹೋಗಿ ಸೇರುವಷ್ಟರಲ್ಲಿ ತಾಯಿ ಬದುಕಿದ್ದಳು, ಮಗು ಉಳಿದಿರಲಿಲ್ಲ.

"ಇನ್ನೊಂದು ಮಳೆಗಾಲ ನನ್ ಕೈಲಾಗಲ್ಲ ಮೇಷ್ಟ್ರೇ. ವರ್ಗ ಕೇಳ್ಕೊಂಡು ಊರ್ ಕಡೆ ಹೋಗ್ಬಿಡ್ತೀನಿ," ಎಂದರು ಒಂದು ದಿನ, ಬೇಲಿಯಾಚೆ ನಿಂತು.

"ಹೋಗಬೇಡಿ. ಮುಂದಿನ ಮಳೆ ಹಿಡಿಯೋದ್ರೊಳಗೆ ನಿಮಗೊಂದು ನಕ್ಷೆ ಮಾಡಿ ಕೊಡ್ತೀವಿ," ಅಂದುಬಿಟ್ಟೆ.

'ಕೊಡ್ತೀವಿ' ಎಂದ ಮೇಲೆ ಜನ ಬೇಕಲ್ಲ. ಮೈಸೂರಿನ ಕಡೆಯಿಂದ ಬಂದಿದ್ದ ಸರ್ವೇಯರೊಬ್ಬರ ಕಾಲು ಹಿಡಿದೆ. ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಕರೆಯದಿದ್ದರೂ ಬಂದರು. ಹೀಗೆ ಪ್ರತಿ ಸಂತೆಯ ದಿನ ಮಧ್ಯಾಹ್ನ ಕಾಫಿ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ನಮ್ಮ ಕೂಟ ಶುರುವಾಯಿತು. ಸರ್ವೇಯರು ನಡುವಿನ ಹೊಳೆಯ ಈಚೆಗಿನ ದಾರಿಗಳನ್ನು, ರೈಟರು ಆಚೆಗಿನ ತೋಟದ ದಾರಿಗಳನ್ನು ಅಳೆದು ತರುವುದು, ನಾನು ಬರೆಯುವುದು. ಹೋಟೆಲಿನವರು ನಮಗೆ ನಕ್ಷೆ ಸಂಘ ಎಂದು ಹೆಸರಿಟ್ಟು ನಗುತ್ತಿದ್ದರು.

ಎರಡು ಕಡೆಯ ಹಾಳೆಗಳನ್ನು ಜೋಡಿಸಿದ ದಿನ ನಗು ನಿಂತುಹೋಯಿತು. ಈಚೆಯ ದಾರಿ ಹೊಳೆಯ ಸೇತುವೆಗೆ ಬಂದು ನಿಂತಿದ್ದರೆ, ಆಚೆಯ ದಾರಿ ಸೇತುವೆಯನ್ನು ಬಿಟ್ಟು ಎಲ್ಲೋ ನೀರಿಗೆ ಇಳಿದಿತ್ತು.

"ಅಳೆಯೋವಾಗ ಸರಪಳಿ ಮಟ್ಟವಾಗಿ ಹಿಡಿದ್ರೇನ್ರೀ?" ಎಂದರು ಸರ್ವೇಯರು.

"ಎಂತ ಸಾರ್, ನೆಲ ಎಲ್ಲಿ ಉಂಟೋ ಅಲ್ಲೇ ತಾನೆ ಸರಪಳಿ ಹಾಕುದು?" ಎಂದರು ರೈಟರು.

ತೋಟದಲ್ಲಿ ಕಳೆ ಕೀಳುವವರು ನೆಲದ ಮೇಲೆ ತಾನೆ ಕೀಳುವುದು? ಕೂಲಿಯೂ ಆ ನೆಲದ ಲೆಕ್ಕಕ್ಕೇ. ಅದಕ್ಕೆ ಅಲ್ಲಿ ಇಳಿಜಾರನ್ನು ಇಳಿಜಾರಾಗಿಯೇ ಅಳೆಯುವ ರೂಢಿ. ಸರ್ವೆಯವರು ಹಾಗಲ್ಲ. ಗುಡ್ಡವಿದ್ದರೂ ಸರಪಳಿಯನ್ನು ಮಟ್ಟವಾಗಿಯೇ ಎತ್ತಿ ಹಿಡಿಯುತ್ತಾರೆ. ಹೀಗಾಗಿ ರೈಟರ ದಾರಿಗಳೆಲ್ಲ ಹಾಳೆಯ ಮೇಲೆ ಉದ್ದವಾಗಿಬಿಟ್ಟಿದ್ದವು. ಮತ್ತೆ ಅಳೆಯಲು ಹೊತ್ತಿಲ್ಲ, ಹೊರಗೆ ಆಗಲೇ ಮೋಡ ಕಟ್ಟುತ್ತಿತ್ತು. ನರ್ಸಮ್ಮ ಇನ್ನು ಹೊರಟೇಹೋಗುತ್ತಾರೆ ಎಂದು ನಾನು ಗೋಡೆ ನೋಡುತ್ತಾ ಕೂತೆ.

ಅಷ್ಟರಲ್ಲಿ ಅವರೇ ಬಂದು ಎರಡೂ ಹಾಳೆ ನೋಡಿ ನಕ್ಕರು. "ಸಾಹೇಬ್ರೇ, ನಿಮ್ದು ಮೇಲಿಂದ ನೋಡೋ ಹದ್ದಿಗೆ ಸರಿ. ನಾನು ಹತ್ತಿ ಇಳಿಯೋಳಲ್ವಾ? ನಂಗೆ ರೈಟರ ಅಳತೆನೂ ಬೇಕು."

ಸರ್ವೇಯರು ಮುಖ ಊದಿಸಿಕೊಂಡು ಎದ್ದು ಹೋದರು. ಮರುವಾರ ತಾವೇ ಬಂದು ದಾರಿ ಹೇಳಿದರು: ಸೇತುವೆಗೆ ಹೊಂದುವಂತೆ ಅಂದಾಜಿನಲ್ಲಿ ರೈಟರ ಗೆರೆ ಕುಗ್ಗಿಸಿ, ಪಕ್ಕದಲ್ಲಿ ನಡೆಯಲು ಹಿಡಿಯುವ ಹೊತ್ತು ಬರೆಯಿರಿ. ಆಮೇಲಿನ ಸಂತೆಗಳೇ ನನ್ನ ಸುಖದ ದಿನಗಳು. ನರ್ಸಮ್ಮ ವಾರವೆಲ್ಲ ನಡೆದು ಬಂದು, ಈ ಏರು ಇಷ್ಟು ಹೊತ್ತು, ಆ ಮನೆಯ ನಾಯಿ ಕಚ್ಚುತ್ತದೆ ಎಂದು ಹೇಳುವರು. ಅವರ ಬೆರಳು ಮುಂದೆ, ನನ್ನ ಪೆನ್ನು ಹಿಂದೆ... ಆ ಬೆರಳು ನಿಲ್ಲದೆ ಹೀಗೇ ಹೋಗುತ್ತಿರಲಿ ಅನ್ನಿಸುತ್ತಿತ್ತು.

ಕೆಟ್ಟ ಟ್ರೇಸಿಂಗ್ ಬಟ್ಟೆಯ ಹಾಳೆಯನ್ನು ಅವರು ಎಸೆಯಲು ಬಿಡಲಿಲ್ಲ. ನೀರಿನಲ್ಲಿ ನೆನೆಹಾಕಿ ಗಂಜಿ ಬಿಡಿಸಿದರೆ ಒಳಗಿಂದ ಮೆತ್ತನೆಯ ಬಟ್ಟೆ ಬಂತು. ಲೈನಿನ ಕೆಲವು ಕೂಸುಗಳನ್ನು ಮೊದಲು ಸುತ್ತಿದ್ದು ನಮ್ಮ ತಪ್ಪು ನಕ್ಷೆಯಲ್ಲೇ.

ಆ ಮಳೆಗಾಲ ಅವರು ಒಮ್ಮೆಯೂ ದಾರಿ ತಪ್ಪಲಿಲ್ಲ. ವರ್ಗದ ಮಾತೂ ಎತ್ತಲಿಲ್ಲ. ಮಳೆ ಕಳೆದ ಮೇಲೆ ದೊಡ್ಡ ಡಾಕ್ಟರು ತನಿಖೆಗೆ ಬಂದವರು ನಕ್ಷೆಯನ್ನು ನೋಡಿ ನಮ್ಮ ಬೆನ್ನು ತಟ್ಟಿದರು. ಇದೊಂದಿದ್ದರೆ ಇಲ್ಲಿ ಯಾವ ಹೊಸಬರಾದರೂ ಕೆಲಸ ಮಾಡಬಹುದು, ಇಂಥ ಪಳಗಿದ ಕೈ ಇನ್ನೂ ಕಷ್ಟದ ಸೀಮೆಗೆ ಬೇಕು ಎಂದರು. ತಿಂಗಳೊಳಗೆ ನರ್ಸಮ್ಮನಿಗೆ ವರ್ಗವಾಯಿತು.

ಬಸ್ ಹತ್ತುವ ಮೊದಲು ನಕ್ಷೆಯ ಸುರುಳಿಯನ್ನು ನನ್ನ ಕೈಗಿಟ್ಟರು. "ಹೊಸಬರಿಗೆ ಕೊಡಿ ಮೇಷ್ಟ್ರೇ. ನಂಗೆ ಇಲ್ಲಿ ದಾರಿಯೆಲ್ಲ ಬಾಯಿಪಾಠ." ಕಣ್ಣು ತುಂಬಿತ್ತು, ಅವರದೂ. ಬಸ್ಸು ಹೊರಟಿತು.

ಅವರು ತೀರಿಕೊಂಡ ಸುದ್ದಿ ಎಷ್ಟೋ ವರ್ಷಗಳ ಮೇಲೆ ಯಾರದೋ ಬಾಯಲ್ಲಿ ಕೇಳಿದೆ. ಸರ್ವೇಯರೂ ಇಲ್ಲ, ರೈಟರೂ ಇಲ್ಲ. ಈಗ ಗೋಣಿಕೊಪ್ಪಲಿನಲ್ಲಿ ಮೊಬೈಲಿಗೆ ನಕ್ಷೆ ಮಾಡುವ ಹುಡುಗ ಹುಡುಗಿಯರು ಆಗಾಗ ಸೇರುತ್ತಾರಂತೆ, ಕಾಫಿಯೂ ಇರುತ್ತದಂತೆ. ಕೇಳಿ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಮ್ಮ ನಕ್ಷೆಯೊಂದು ಅರ್ಧಂಬರ್ಧವೇ ಉಳಿದಿದ್ದರೆ ನರ್ಸಮ್ಮ ಇನ್ನೊಂದಿಷ್ಟು ಸಂತೆಗಳಿಗೆ ಬರುತ್ತಿದ್ದರೋ ಏನೋ... ಆ ಮಳೆಗಾಲದಲ್ಲಿ ಉಳಿದ ಕೂಸುಗಳನ್ನು ನೆನೆದರೆ ಹೀಗೆ ಅಂದುಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಅಂದುಕೊಳ್ಳುತ್ತೇನೆ.