ಒದ್ದೆ ಮಡಿಲಿನ ಆಯಮ್ಮ

ನಮ್ಮ ಆಸ್ಪತ್ರೆಯ ಆಯಮ್ಮನ ಸೀರೆ ಮಡಿಲಿನ ಹತ್ತಿರ ಯಾವಾಗಲೂ ಒಂದಿಷ್ಟು ಒದ್ದೆಯಾಗಿರುತ್ತಿತ್ತು. ಪರೀಕ್ಷೆಗೆಂದು ಎಳೆಗೂಸುಗಳ ಮೂತ್ರ ಹಿಡಿಯುವುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಕೂಸನ್ನು ತೊಳೆಸಿ, ಹಾಲು ಕುಡಿಸಿ, ತಾಯಿಯ ಕೈಗೆ ಎತ್ತಿ ಹಿಡಿಯಲು ಕೊಟ್ಟು, ತಾವು ಗಿಡ್ಡ ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ಲ್ಯಾಬಿನ ಡಬ್ಬಿ ಹಿಡಿದು ಇನ್ನೊಂದು ಕೈಯ ಬೆರಳಿನಿಂದ ಕಿಬ್ಬೊಟ್ಟೆ ತಟ್ಟುತ್ತಾ ಕಾಯುವರು. ಅರ್ಧ ಗಂಟೆಯಾದರೂ ಸರಿ. ಮೈಗೆ ಅಂಟಿಸುವ ಪ್ಲಾಸ್ಟಿಕ್ ಚೀಲ ಕಂಡರೆ ಅವರಿಗಾಗದು. “ಅದ್ರಾಗೆ ಮೈ ಮೇಲಿನ್ ಕೊಳೇನೂ ಸೇರ್ಕತದೆ. ಆಮೇಲೆ ಯಾವುದ್ನ ನಂಬ್ತೀರಿ?”

ನಾನಾಗ ಎಂಬಿಬಿಎಸ್ ಮುಗಿಸಿ ಮದ್ದೂರಿನ ಕಡೆಯ ಆ ಸಣ್ಣ ಆಸ್ಪತ್ರೆಗೆ ಹೊಸದಾಗಿ ಸೇರಿದ್ದೆ. ಓದಿದ ಸೊಕ್ಕು ಚೆನ್ನಾಗಿಯೇ ಇತ್ತು. ಒಂದು ಬೇಸಿಗೆಯ ಮಧ್ಯಾಹ್ನ ವೈದ್ಯನಾಥಪುರದಿಂದ ಒಬ್ಬ ಅಜ್ಜಿ, ಬಾಣಂತಿ ಮಗಳನ್ನೂ ನಲವತ್ತು ದಿನದ ಕೂಸನ್ನೂ ಕರೆತಂದರು. ಕೂಸಿಗೆ ಟೋಪಿ, ಕಾಲುಚೀಲ, ಮೇಲೆ ಎರಡು ಹೊದಿಕೆ. ಬೆಳಿಗ್ಗೆ ಮೈ ಸುಡುತ್ತಿತ್ತಂತೆ. ನಾನು ನೋಡಿದಾಗ ಜ್ವರವೇ ಇಲ್ಲ, ಚೆನ್ನಾಗಿ ಹಾಲು ಕುಡಿದು ಕಾಲು ಒದೆಯುತ್ತಿದೆ. ಹೊದಿಕೆಯ ಶಾಖ ಇರಬೇಕೆಂದುಕೊಂಡು, ‘ತೊಂದರೆಯಿಲ್ಲ, ಮನೆಗೆ ಹೋಗಬಹುದು’ ಎಂದು ಚೀಟಿಯಲ್ಲಿ ಬರೆದೆ.

ಆಯಮ್ಮ ಕೂಸಿನ ಕೊರಳ ಬಟ್ಟೆಯ ಮೇಲಿದ್ದ ಗುಲಾಬಿ ಕಲೆಯನ್ನೇ ನೋಡುತ್ತಿದ್ದರು.

“ಅಜ್ಜೀ, ಬಸ್ ಅತ್ತೋಕ್ ಮುಂಚೆ ಏನ್ ಕುಡಿಸ್ದೆ?”

“ಏನೂ ಇಲ್ಲ ಕಣವ್ವ.”

“ಯಾರೂ ಬಯ್ಯಕ್ಕಿಲ್ಲ, ಅದೇನಂತ ಏಳು.”

“ಅದೇ, ಗುಲಾಬಿ ಬಣ್ಣದ್ ಜ್ವರದ್ ಡ್ರಾಪ್ಸು. ಮೈ ಕಾದೋಗಿತ್ತು. ಅಂಗೇ ಕರ್ಕಂಡ್ ಬಂದ್ರೆ ಡಾಕ್ಟ್ರಮ್ಮ ಬಯ್ತಾರೆ ಅಂತ...”

ನಮ್ಮ ಕಡೆಯ ಅಜ್ಜಿಯರೇ ಹೀಗೆ. ಡಾಕ್ಟರ ಹತ್ತಿರ ಬರುವಾಗ ಕೂಸಿನ ಮುಖ ಒರೆಸಿ ತರುವ ಹಾಗೆ ಜ್ವರವನ್ನೂ ಇಳಿಸಿಯೇ ತರುತ್ತಾರೆ.

ಆಯಮ್ಮ ನನ್ನ ಕಡೆ ತಿರುಗಿದರು. “ಮನೇಲ್ ಬಂದಿದ್ ಜ್ವರಾನೂ ಜ್ವರಾನೇ ಡಾಕ್ಟ್ರಮ್ಮ. ಇಂಗೇ ಕಾಲ್ ಒದೀತಿದ್ ಕೂಸು ಮಾರ್ನೆ ದಿನ ಇಲ್ದಂಗಾಗಿದ್ನ ನೋಡಿವ್ನಿ ನಾನು. ಉಚ್ಚೆ ನಾನ್ ಇಡೀತೀನಿ, ರಕ್ತ ನೀವ್ ತಗಳಿ.”

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆಯಾ ಬಂದು ನನಗೆ ಪಾಠ ಹೇಳುವುದೇ? ಆದರೂ ಅವರ ಮುಖ ನೋಡಿ ಚೀಟಿಯ ಮೇಲೆ ಗೀಟು ಎಳೆದೆ. ಇಪ್ಪತ್ತೈದು ನಿಮಿಷ ಕಾದು ಅವರು ಹಿಡಿದ ಎರಡು ಚಮಚ ಮೂತ್ರದ ತುಂಬ ಕೀವಿನ ಕಣಗಳಿದ್ದವು. ಮೊದಲ ಇಂಜೆಕ್ಷನ್ ಕೊಟ್ಟು ಮಂಡ್ಯದ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಸೋಂಕು ಆಗಲೇ ರಕ್ತಕ್ಕೂ ಸೇರಿತ್ತೆಂದು, ಇನ್ನೊಂದು ದಿನ ತಡವಾಗಿದ್ದರೆ ಕೈಮೀರುತ್ತಿತ್ತೆಂದು ಅಲ್ಲಿಂದ ಫೋನು ಬಂತು. ಕೂಸು ಉಳಿಯಿತು.

ಆಯಮ್ಮ ನಿವೃತ್ತರಾದ ದಿನ ಇದನ್ನೆಲ್ಲ ಮೈಕಿನಲ್ಲಿ ಹೇಳಿದೆ. ಆ ಕೂಸನ್ನು ಮನೆಗೆ ಕಳಿಸಲು ಹೊರಟವಳು ನಾನೇ ಎಂಬುದನ್ನೂ ಹೇಳಿದೆ. ಶಾಲು ಹೊದ್ದು ಕೂತಿದ್ದ ಅವರು ಕೂತಲ್ಲಿಂದಲೇ ಅಂದರು: “ಅದ್ಯಾಕೀಗ ಡಾಕ್ಟ್ರಮ್ಮ? ಬರ್ದಿದ್ದೂ ನೀವೇ, ಗೀಟ್ ಎಳ್ದಿದ್ದೂ ನೀವೇ. ಎಷ್ಟ್ ಜನ ಎಳೀತಾರೆ?”

ಮೈಕು ಕೆಳಗಿಟ್ಟು ಹೋಗಿ ಅವರ ಪಕ್ಕ ಕೂತೆ.

ಈಗ ಅವರಿಲ್ಲ. ನಾನು ಮಂಡ್ಯದಲ್ಲಿ ಮಕ್ಕಳ ಡಾಕ್ಟರು. ಎಳೆಗೂಸಿಗೆ ಜ್ವರವೆಂದು ಬಂದರೆ ಮೊದಲು ಕೊರಳ ಬಟ್ಟೆ ನೋಡುತ್ತೇನೆ. ಆಮೇಲೆ ಗಿಡ್ಡ ಸ್ಟೂಲು ಎಳೆದುಕೊಂಡು, ಡಬ್ಬಿ ಹಿಡಿದು ನಾನೇ ಕೂರುತ್ತೇನೆ. ನನ್ನ ಒದ್ದೆ ಸೀರೆ ನೋಡಿ ಹೊಸ ಡಾಕ್ಟರುಗಳು ಮುಸಿಮುಸಿ ನಗುತ್ತಾರೆ. ನಗಲಿ. ಇದನ್ನು ಯಾವ ಕಾಲೇಜಿನಲ್ಲಿ ಕಲಿತಿರಿ ಮೇಡಂ ಎಂದು ಕೇಳಿದರೆ ಎದೆಯುಬ್ಬಿಸಿಯೇ ಹೇಳುತ್ತೇನೆ, ನಮ್ಮ ಆಯಮ್ಮ ಕಲಿಸಿದ್ದು ಅಂತ.