ಮಯಸಭೆಯ ನೀರು

ಸಿದ್ದ, ಮಯಸಭೆಯ ಪರದೆ ಕೆಡಿಸಿದವನು ನಾನು. ನಿನ್ನ ಕೈ ತಪ್ಪಿದ್ದಲ್ಲ, ಕಣ್ಣು ಸೋತದ್ದೂ ಅಲ್ಲ — ನಾನು.

ಆಗ ಎಪ್ಪತ್ತರ ದಶಕ. ಮದ್ದೂರಿನ ಪೇಂಟರ್ ಅಂಗಡಿಯಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. ಚಿಕ್ಕರಸಿನಕೆರೆಯವರು ನಾಟಕಕ್ಕೆ ಹೊಸ ಪರದೆ ಕೇಳಿದ್ದರು. ಸಭೆಯ ನೆಲದಲ್ಲಿ ನೀರು ನಿಂತಿದೆಯೆಂದು ದುರ್ಯೋಧನ ಪಂಚೆ ಎತ್ತಬೇಕು. ನೋಡುವವರಿಗೂ ಅದು ನೀರೆನ್ನಿಸಬೇಕು. ಮೊದಲು ಬರೆದವನು ನಾನು — ನೀಲಿ ಬಳಿದು ಬಿಳಿ ಅಲೆ ಎಳೆದೆ. ಯಜಮಾನರು ನೋಡಿ, "ಇದೇನ್ಲಾ, ಜಮಖಾನ ಆಸಿದ್ದೀಯಾ?" ಎಂದು ಅಳಿಸಿ, ಕುಂಚ ನಿನಗೆ ಕೊಟ್ಟರು. ಇದು ಗೆದ್ದರೆ ಇನ್ನು ಪರದೆಯ ಕೆಲಸವೆಲ್ಲ ಸಿದ್ದನದೇ, ನೀನು ಬೋರ್ಡು ಬರ್ಕೊಂಡಿರು ಎಂದು ನನಗೆ ಹೇಳಿದರು.

ನೀನು ನೀಲಿ ಮುಟ್ಟಲೇ ಇಲ್ಲ. ನೆಲದ ಬಣ್ಣವನ್ನೇ ಕೊಂಚ ಕಪ್ಪಾಗಿಸಿ, ಅದರೊಳಗೆ ಸಭೆಯ ಕಂಬವನ್ನು ಬುಡದಿಂದಲೇ ತಲೆಕೆಳಗಾಗಿ ಇಳಿಸಿದೆ, ಅಷ್ಟೆ. ನೆನೆದೀತೆಂದು ನಾನು ಕಾಲು ಹಿಂದಕ್ಕೆಳೆದುಕೊಂಡೆ. ಹೊಟ್ಟೆ ಉರಿದುಹೋಯಿತು.

ನೀನು ಊಟಕ್ಕೆ ಹೋದಾಗ ನೀರಿನೊಳಗಿನ ಕಂಬ ಅಳಿಸಿ, ನಾಲ್ಕು ಬೆರಳು ಪಕ್ಕಕ್ಕೆ ಬರೆದೆ. ನಿನ್ನದೇ ಬಣ್ಣ, ನಿನ್ನದೇ ಕುಂಚ. ಒಣಗಿದ್ದೇ ತಡ, ನೀನು ಬರುವ ಮೊದಲೇ ಪರದೆ ಸುತ್ತಿ ಗಾಡಿಗೆ ಹಾಕಿದೆ. ಏನು ಬದಲಾಯಿತೆಂದು ಯಾರಿಗೂ ಹೇಳಲು ಬರುವಂತಿರಲಿಲ್ಲ — ನೀರು ಮಾತ್ರ ಹೋಗಿತ್ತು.

ಮಾರನೆಯ ದಿನ ಊರಿನಲ್ಲಿ ಪರದೆ ಕಟ್ಟಿ ನೋಡಿದರು. ದುರ್ಯೋಧನನ ಪಾತ್ರದವನು ಪಂಚೆ ಎತ್ತಿದ. "ಯಾಕ್ಲಾ ಎತ್ತೀಯೆ, ಮಸಿ ಚೆಲ್ಲವ್ರೆ ಅಷ್ಟೇಯ" ಎಂದ ಯಾರೋ. ಎಲ್ಲರೂ ನಕ್ಕರು. ನೀನು ಬಹಳ ಹೊತ್ತು ಪರದೆ ನೋಡಿದೆ, ಆಮೇಲೆ ನಿನ್ನ ಕೈ ನೋಡಿಕೊಂಡೆ. "ನನ್ ಕಣ್ಣೇ ಸರಿಯಿಲ್ಲ ಕಣ್ಲಾ" ಎಂದು ನಿಮ್ಮೂರು ಪೂರಿಗಾಲಿಗೆ ಹೊರಟುಹೋದೆ. ಮತ್ತೆ ಕುಂಚ ಹಿಡಿಯಲಿಲ್ಲ.

ನಾನು ಹಿಡಿದೆ. ನಿನ್ನ ಹಾಗೆಯೇ ನೀರು ಬರೆದು ಹೆಸರು ಮಾಡಿದೆ — ಕಂಬದ ಬುಡಕ್ಕೆ ಸರಿಯಾಗಿ, ಒಂದು ಕೂದಲೂ ಆಚೀಚೆ ಆಗದಂತೆ.

ಮೊನ್ನೆ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ, ಮಳೆ ಬಿಟ್ಟಿತ್ತು. ಗುಂಡಿಯ ನೀರಿನಲ್ಲಿ ಲೈಟುಕಂಬ ಕಾಣುತ್ತಿತ್ತು. ನೀನು ಬಗ್ಗಿ ನೋಡಿದೆ. "ನೋಡ್ಲಾ, ಬುಡುಕ್ಕೇ ಸೇರ್ಕಂಡದೆ. ಅವತ್ತು ನಾನೂ ಇಂಗೇ ಬರ್ದಿದ್ದೆ ಅನ್ಕಂಡಿದ್ದೆ ಕಣ್ಲಾ."

ನಾನು ಬಸ್ಸು ಬಂತೆಂದು ಎದ್ದೆ. ಅದು ನನ್ನ ಬಸ್ಸಾಗಿರಲಿಲ್ಲ.

ಕ್ಷಮಿಸೆಂದು ಕೇಳುವ ಮುಖ ನನಗಿಲ್ಲ. ಇದಿಷ್ಟು ನಿನಗೆ ತಿಳಿದಿರಲಿ — ನೀನು ಹಾಗೇ ಬರೆದಿದ್ದೆ, ಸಿದ್ದ.